ಎಣಿಕೆ ಸರಿ ಇದೆ, ಸರ್

ಉಚ್ಚಿಲದ ಹುಡುಗನೊಬ್ಬನಿಗೆ ಸರಕಾರಿ ಕೆಲಸ ಸಿಕ್ಕಿತೆಂದರೆ ಮರುದಿನವೇ ಪೇಟೆಯ ಹೋಟೆಲಿನಲ್ಲಿ ಪ್ರಶ್ನೆ ಏಳುತ್ತದೆ: ‘ಯಾವ ಇಲಾಖೆ ಮಾರ್ರೆ?’ ಶಾಲೆ ಎಂದರೆ ಮಾಷ್ಟ್ರು, ಕೆಇಬಿ ಎಂದರೆ ಲೈನ್‌ಮ್ಯಾನ್, ಪೊಲೀಸ್ ಎಂದರೆ ಪೊಲೀಸ್. ಬ್ಯಾಂಕ್ ಎಂದುಬಿಟ್ಟರೆ ಮುಂದಿನ ಪ್ರಶ್ನೆಯೇ ಇಲ್ಲ, ಹೆಣ್ಣು ಕೊಡುವವರು ಸಾಲುಗಟ್ಟುತ್ತಾರೆ. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕನ್ನೂ 1925ರಲ್ಲಿ ಸಿಂಡಿಕೇಟ್ ಬ್ಯಾಂಕನ್ನೂ ಹುಟ್ಟುಹಾಕಿದ ಉಡುಪಿ ಸೀಮೆಯ ಲೆಕ್ಕಾಚಾರ ಅದು. 1990ರ ದಶಕದ ಆರಂಭದಲ್ಲಿ ಈ ಊರಿನ ಪದವೀಧರನೊಬ್ಬ ಸೇರಿದ ಕೆಲಸ ಮಾತ್ರ ಯಾರ ಲೆಕ್ಕಕ್ಕೂ ಸಿಗಲಿಲ್ಲ. ರಿಮಾಂಡ್ ಹೋಮಿನಲ್ಲಿ ಗೃಹಪಾಲಕ.

‘ಅಂದರೆ ಜೈಲಾ?’

‘ಜೈಲಲ್ಲ.’

‘ಹಾಸ್ಟೆಲಾ?’

‘ಹಾಸ್ಟೆಲೂ ಅಲ್ಲ.’

‘ಹಾಗಾದರೆ ಎಂತ ಮಾರ್ರೆ ಅದು, ಕಾಯುವುದಾ, ಸಾಕುವುದಾ?’

ಈ ಕೊನೆಯ ಪ್ರಶ್ನೆ ಕೇಳಿದವರು ಮೀನು ಮಾರಿ ಬಂದು ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರು. ಸೇವೆಯುದ್ದಕ್ಕೂ ಅದಕ್ಕಿಂತ ಸರಿಯಾದ ಪ್ರಶ್ನೆಯನ್ನು ಇಲಾಖೆಯ ಯಾವ ಸಭೆಯಲ್ಲೂ ಯಾರೂ ಕೇಳಲಿಲ್ಲವೆಂದು ಆ ಗೃಹಪಾಲಕರು ಈಗ ನಿವೃತ್ತರಾಗಿ ಊರಲ್ಲಿ ಕೂತು ಹೇಳುತ್ತಾರೆ.

ಅವರ ಹೆಸರು ಇಲ್ಲಿ ಬೇಡ. ಘಟ್ಟದ ಮೇಲಿನ ಮೊದಲ ನೇಮಕದಲ್ಲೇ ಸಹೋದ್ಯೋಗಿಗಳು ಊರಿನ ಹೆಸರು ಹಿಡಿದು ‘ಉಚ್ಚಿಲ’ ಎಂದು ಕರೆದರು, ಹುಡುಗರು ಅದಕ್ಕೆ ‘ಸರ್’ ಸೇರಿಸಿದರು. ಇಲ್ಲೂ ಅವರು ಉಚ್ಚಿಲ ಸರ್ ಆಗಿಯೇ ಇರಲಿ. ಕೆಲಸ ಮಾಡಿದ ಸಂಸ್ಥೆಗಳ ಹೆಸರನ್ನೂ ಅವರು ಹೇಳುವುದಿಲ್ಲ. ಹುಡುಗರ ಹೆಸರಂತೂ ಹೇಳುವ ಹಾಗೇ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಂಥ ಮಗುವಿನ ಗುರುತು ಬಯಲು ಮಾಡಿದವರಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ 2 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಕಾನೂನಿನ ಹೆದರಿಕೆಗಿಂತ ಹೆಚ್ಚಾಗಿ ಅಭ್ಯಾಸಬಲ ಇರಬೇಕು: ಮನೆಯ ಜಗಲಿಯಲ್ಲಿ ಹರಟುವಾಗಲೂ ಅವರ ಪ್ರತಿ ಕಥೆ ‘ಒಬ್ಬ ಹುಡುಗ ಇದ್ದ’ ಎಂದೇ ಶುರುವಾಗುತ್ತದೆ.

ತರಬೇತಿ ಎಂದು ಸಿಕ್ಕಿದ್ದು ಹಳಬರೊಬ್ಬರ ಜತೆ ಕೆಲವು ರಾತ್ರಿ ಪಾಳಿ, ಅಷ್ಟೆ. ‘ಕಾನೂನು ಆಮೇಲೆ ಓದಿ, ಮೊದಲು ಎಣಿಸುವುದು ಕಲಿಯಿರಿ’ ಎಂದರು ಆ ಹಳಬರು. ಪಾಳಿ ಬದಲಾಗುವಾಗ ತಲೆ ಎಣಿಸಬೇಕು. ಊಟಕ್ಕೆ ಕೂರಿಸುವ ಮುಂಚೆ, ಎದ್ದ ಮೇಲೆ, ಸ್ನಾನಕ್ಕೆ ಬಿಟ್ಟು ಬಾಗಿಲು ಹಾಕುವಾಗ, ಮಲಗಿದ ಮೇಲೆ ಮತ್ತೊಮ್ಮೆ. ಎಣಿಕೆ ಹಾಜರಿ ಪುಸ್ತಕಕ್ಕೆ ಹೊಂದಬೇಕು, ಹಾಜರಿ ಪುಸ್ತಕ ದಾಖಲಾತಿ ರಿಜಿಸ್ಟರಿಗೆ ಹೊಂದಬೇಕು, ಕೋರ್ಟಿಗೆ ಹೋದವರನ್ನೂ ಆಸ್ಪತ್ರೆಯಲ್ಲಿರುವವರನ್ನೂ ಕಳೆದು ಮತ್ತೆ ಕೂಡಬೇಕು. ರಾತ್ರಿ ಟಾರ್ಚ್ ಹಿಡಿದು ಹಾಸಿಗೆಗಳ ನಡುವೆ ನಡೆಯುವಾಗ ಮುಸುಕು ಎಳೆದು ಮಲಗಿದವನ ಪಾದವನ್ನು ಮೆಲ್ಲಗೆ ಮುಟ್ಟಿ ನೋಡಬೇಕು. ಮುಸುಕಿನೊಳಗೆ ಇರುವುದು ಹುಡುಗನೋ ಸುತ್ತಿಟ್ಟ ಬಟ್ಟೆಯ ಗಂಟೋ ಎಂಬುದು ಖಾತ್ರಿಯಾಗಬೇಕಲ್ಲ. ಕೊನೆಗೆ ಅಧೀಕ್ಷಕರಿಗೆ ಒಂದು ವಾಕ್ಯ: ‘ಎಣಿಕೆ ಸರಿ ಇದೆ, ಸರ್.’ ಆ ವಾಕ್ಯ ಸರಿಯಿದ್ದರೆ ಆ ರಾತ್ರಿಯ ಕೆಲಸ ಮುಗಿದಂತೆ. ಹುಡುಗನಿಗೆ ಜ್ವರ ಇದೆಯೋ, ಅವನು ಅಳುತ್ತಿದ್ದನೋ, ನೆರೆಹಾಸಿಗೆಯವನು ಅವನ ಚಪಾತಿ ಕಿತ್ತುಕೊಂಡನೋ ಎಂಬುದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ಆಗ ಜಾರಿಯಲ್ಲಿದ್ದದ್ದು 1986ರ ಬಾಲನ್ಯಾಯ ಕಾಯ್ದೆ. ಮಕ್ಕಳನ್ನು ಜೈಲಿನಲ್ಲಿ ಇಡಬಾರದು, ದೇಶಕ್ಕೆಲ್ಲ ಒಂದೇ ಕಾನೂನು ಬೇಕು ಎಂದು ಸುಪ್ರೀಂ ಕೋರ್ಟ್ ಅದೇ ವರ್ಷ ಪತ್ರಕರ್ತೆ ಶೀಲಾ ಬರ್ಸೆ ಅವರ ಅರ್ಜಿಯ ಮೇಲೆ ಹೇಳಿತ್ತು. ಅದಕ್ಕೆ ಮುಂಚೆ ರಾಜ್ಯಕ್ಕೊಂದು ಕಾನೂನು. 1956ರವರೆಗೆ ಮದ್ರಾಸಿಗೆ ಸೇರಿದ್ದ ನಮ್ಮ ಕರಾವಳಿಗೆ ದೇಶದಲ್ಲೇ ಮೊದಲನೆಯದಾದ 1920ರ ಮದ್ರಾಸ್ ಮಕ್ಕಳ ಕಾಯ್ದೆ ಅನ್ವಯಿಸುತ್ತಿತ್ತು. 1986ರ ಕಾಯ್ದೆ ಬಂದ ಮೇಲೆ ಹುಡುಗರಿಗೆ 16, ಹುಡುಗಿಯರಿಗೆ 18 ಎಂದು ವಯಸ್ಸಿನ ಗೆರೆ ಎಳೆದರು. ಆದರೆ ವಿಚಾರಣೆ ಮುಗಿಯುವವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಅಳುತ್ತ ಸಿಕ್ಕಿದವನೂ ಸೈಕಲ್ ಕದ್ದು ಸಿಕ್ಕಿಬಿದ್ದವನೂ ಒಂದೇ ಸೂರಿನಡಿ ಇರಬಹುದಿತ್ತು. ಉಚ್ಚಿಲ ಸರ್ ಕಂಡ ಮೊದಲ ಗುಂಪು ಹಾಗೆಯೇ ಇತ್ತು. ಯಾರು ದಾರಿ ತಪ್ಪಿ ಬಂದವರು, ಯಾರು ಪೊಲೀಸರು ತಂದವರು ಎಂದು ಮುಖ ನೋಡಿ ಹೇಳಲು ಅವರಿಗಾಗಲೀ ಹಳಬರಿಗಾಗಲೀ ಆಗುತ್ತಿರಲಿಲ್ಲ.

ಮನೆಗೆ ಬಂದು ಇದನ್ನು ಹೇಳಿದಾಗ ಅವರ ದೊಡ್ಡಪ್ಪ ನಕ್ಕರು. ಅವರೂ ಒಂದು ಕಾಲಕ್ಕೆ ಅಂಥ ಎಣಿಕೆಯಲ್ಲಿ ಒಂದು ತಲೆಯಾಗಿದ್ದವರು.

1950ರ ದಶಕದಲ್ಲಿ ಕಾಪು, ಪಡುಬಿದ್ರಿ, ಉಚ್ಚಿಲದ ಕಡೆಯಿಂದ ಮುಂಬಯಿಗೆ ಓಡಿಹೋಗುವುದು ಹುಡುಗರಿಗೆ ಹೊಸತಲ್ಲ. ಅಲ್ಲಿ ಉಡುಪಿ ಹೋಟೆಲುಗಳಿದ್ದವು, ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸವಿತ್ತು, ಮನಸ್ಸಿದ್ದರೆ ಕನ್ನಡದ ರಾತ್ರಿಶಾಲೆಯೂ ಇತ್ತು. ದೊಡ್ಡಪ್ಪ ಹನ್ನೆರಡರ ವಯಸ್ಸಿಗೆ ಹೋದವರು. ಹೋದ ಕೆಲಸ ಬಿಟ್ಟು, ಇನ್ನೊಂದು ಸಿಗದೆ, ಬೋರಿಬಂದರ್ ಸ್ಟೇಶನ್ನಿನಲ್ಲಿ ಮಲಗಿದ್ದಾಗ ಪೊಲೀಸರ ಕೈಗೆ ಸಿಕ್ಕಿ ಡೋಂಗ್ರಿಯ ಮಕ್ಕಳ ಗೃಹ ಸೇರಿದರು. ಆ ಕಟ್ಟಡ ಹಿಂದೆ ಜೈಲಾಗಿತ್ತು. 1882ರಲ್ಲಿ ತಿಲಕರನ್ನೂ ಆಗರಕರರನ್ನೂ 101 ದಿನ ಇಟ್ಟಿದ್ದ ಜೈಲು ಅದೇ. 1927ರಲ್ಲಿ ಹುಟ್ಟಿದ ಚಿಲ್ಡ್ರನ್ಸ್ ಏಯ್ಡ್ ಸೊಸೈಟಿ ಆಮೇಲೆ ಅಲ್ಲಿ ಮಕ್ಕಳನ್ನು ನೋಡಿಕೊಂಡಿತು. ತಿಲಕರಿದ್ದ ಜಾಗದಲ್ಲಿ ತಾವೂ ಇದ್ದದ್ದು ಎಂದು ದೊಡ್ಡಪ್ಪ ಮುದಿವಯಸ್ಸಿನಲ್ಲೂ ಜಂಬ ಕೊಚ್ಚುತ್ತಿದ್ದರು. ಹೊರಗೆ ಬಂದದ್ದು ಹೇಗೆ ಎಂದು ಕೇಳಿದರೆ ಮಾತ್ರ ದನಿ ಬದಲಾಗುತ್ತಿತ್ತು. ಕಾಪು ಕಡೆಯ ಹೋಟೆಲ್ ಧಣಿಯೊಬ್ಬರಿಗೆ ಯಾರೋ ಸುದ್ದಿ ಮುಟ್ಟಿಸಿದರು, ಅವರು ಬಂದು ‘ನಮ್ಮ ಊರಿನವ’ ಎಂದು ಸಹಿ ಹಾಕಿ ಕರೆದೊಯ್ದರು. ರಕ್ತಸಂಬಂಧ ಇರಲಿಲ್ಲ, ಮೊದಲು ಮುಖ ನೋಡಿದ್ದೂ ಇರಲಿಲ್ಲ.

ಒಬ್ಬರು ಬಂದರು. ಉಚ್ಚಿಲ ಸರ್ ತಮ್ಮ ವೃತ್ತಿಯ ಇಡೀ ಸಂಕಟ ಈ ಎರಡು ಪದಗಳಲ್ಲಿದೆ ಎನ್ನುತ್ತಾರೆ.

ಜಾಮೀನು ಎಂದರೆ ನಮಗೆ ನೆನಪಾಗುವುದು ವಕೀಲರು, ಶ್ಯೂರಿಟಿ, ಆರ್‌ಟಿಸಿಯ ಪ್ರತಿ. ಮಕ್ಕಳ ವಿಷಯದಲ್ಲಿ ಕಾನೂನಿನ ದಾರಿ ಬೇರೆ. ಅಪರಾಧ ಜಾಮೀನು ಸಿಗುವಂಥದೋ ಅಲ್ಲವೋ ಎಂದು ನೋಡದೆ, ಶ್ಯೂರಿಟಿ ಇದ್ದರೂ ಇಲ್ಲದಿದ್ದರೂ ಬಿಡಬೇಕು. ಬಿಟ್ಟರೆ ಅಪರಾಧಿಗಳ ಸಂಗಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ಅಥವಾ ನ್ಯಾಯಕ್ಕೆ ಭಂಗವಾಗುತ್ತದೆ ಎಂದು ಕಂಡರೆ ಮಾತ್ರ ಇಟ್ಟುಕೊಳ್ಳಬಹುದು. 1986ರಿಂದ ಇಂದಿನವರೆಗೆ ಕಾಯ್ದೆ ಮೂರು ಬಾರಿ ಬಂದರೂ ಈ ಮಾತು ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ಆದರೂ ಹುಡುಗರು ತಿಂಗಳುಗಟ್ಟಲೆ ಒಳಗೆ ಇರುತ್ತಿದ್ದರು. ನ್ಯಾಯಾಲಯ ಬಿಡಲು ಒಪ್ಪಿದರೂ ಕರೆದೊಯ್ಯುವ ಜನವೇ ಇರುತ್ತಿರಲಿಲ್ಲ.

ಮನೆಗೆ ಹೋಗಿ ವಿಚಾರಿಸಿ ಸಾಮಾಜಿಕ ತನಿಖಾ ವರದಿ ಬರೆಯಬೇಕಾದವರು ಪರಿವೀಕ್ಷಣಾಧಿಕಾರಿ. ಅವರ ಮೇಜಿನ ಮೇಲೆ ಕಡತದ ರಾಶಿ. ಹಾಗಾಗಿ ಉಚ್ಚಿಲ ಸರ್ ರಾತ್ರಿ ಪಾಳಿಯಲ್ಲಿ, ಎಣಿಕೆ ಮುಗಿದ ಮೇಲೆ, 15 ಪೈಸೆಯ ಪೋಸ್ಟ್ ಕಾರ್ಡ್ ಬರೆಯತೊಡಗಿದರು. ಅದು ಅವರ ಕೆಲಸವಲ್ಲ. ಯಾರೂ ಹೇಳಿರಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಹುಡುಗ ಹೇಳಿದ ಊರಿನ ಶಾಲೆಯ ಮುಖ್ಯ ಮಾಷ್ಟ್ರಿಗೆ ಒಂದು, ಪೋಸ್ಟ್ ಮಾಸ್ಟರಿಗೆ ಒಂದು. ‘ನಿಮ್ಮ ಊರಿನ ಇಂಥವರ ಮಗ ಇಲ್ಲಿ ಕ್ಷೇಮವಾಗಿದ್ದಾನೆ, ಮನೆಯವರು ಬಂದರೆ ಒಳ್ಳೆಯದು’ ಎಂಬಷ್ಟೆ ಒಕ್ಕಣೆ. ತೆರೆದ ಕಾರ್ಡಿನಲ್ಲಿ ಕಳವು ಎಂಬ ಪದ ಬರೆದರೆ ಅಂಚೆಯವನಿಂದ ಹಿಡಿದು ಊರೆಲ್ಲ ಓದುತ್ತದೆ ಎಂಬ ಎಚ್ಚರ ಕರಾವಳಿಯವರಿಗೆ ಹುಟ್ಟಿನಿಂದಲೇ ಇರುತ್ತದೆ. ಬಾಂಬೆಯಿಂದ ಮಗ ಕಳಿಸುವ ಕಾರ್ಡನ್ನು ಊರಿನಲ್ಲಿ ಮೊದಲು ಓದುತ್ತಿದ್ದವನು ಯಾರೆಂದು ಇಲ್ಲಿ ಎಲ್ಲರಿಗೂ ಗೊತ್ತು.

ಬಹಳಷ್ಟು ಕಾರ್ಡುಗಳಿಗೆ ಉತ್ತರ ಬರಲಿಲ್ಲ. ಬಂದ ಉತ್ತರಗಳಲ್ಲಿ ಕೆಲವು ಬಾರದಿದ್ದರೇ ಚೆನ್ನಾಗಿತ್ತು. ಒಬ್ಬ ತಂದೆ ‘ಅವನು ನನ್ನ ಮಗನೇ ಅಲ್ಲ’ ಎಂದು ಯಾರದೋ ಕೈಯಿಂದ ಬರೆಸಿದ್ದ. ಒಬ್ಬ ತಾಯಿ ಮಾತ್ರ ಎರಡು ಬಸ್ ಬದಲಿಸಿ, ಸೆರಗಿನಲ್ಲಿ ಆ ಕಾರ್ಡನ್ನೇ ಗಂಟು ಹಾಕಿಕೊಂಡು ಬಂದಳು. ಆಕೆಗೆ ಓದಲು ಬರುತ್ತಿರಲಿಲ್ಲ. ಗೇಟಿನಲ್ಲಿ ಕಾರ್ಡ್ ತೋರಿಸಿ ‘ಇದನ್ನ ಬರದವ್ರು ಎಲ್ಲದಾರ್ರೀ?’ ಎಂದು ಕೇಳಿದಳಂತೆ.

ಮುಂದೆ ಕರಾವಳಿಯ ಕಡೆಗೆ ವರ್ಗವಾದಾಗ ಸಮಸ್ಯೆಯ ದಿಕ್ಕು ತಿರುಗಿತು. ದೊಡ್ಡಪ್ಪನ ಕಾಲದಲ್ಲಿ ಹೊಟ್ಟೆಪಾಡಿಗೆ ಇಲ್ಲಿಂದ ಹೋಗುತ್ತಿದ್ದರು. ಈಗ ಇಲ್ಲಿಗೇ ಬರತೊಡಗಿದರು. ಮಣಿಪಾಲದಲ್ಲಿ ಮಹಡಿಗಳು ಏಳುತ್ತಿದ್ದವು. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದಿಂದ ಗಾರೆ ಕೆಲಸಕ್ಕೆ ಬಂದ ಸಂಸಾರಗಳು ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದವು. ಅಂಥ ಒಂದು ಶೆಡ್ಡಿನ ಹುಡುಗ ಮೊಬೈಲ್ ಕದ್ದ ಆರೋಪದಲ್ಲಿ ಬಂದ. ಪೊಲೀಸ್ ಕಾಗದದಲ್ಲಿ ವಿಳಾಸದ ಜಾಗದಲ್ಲಿ ಕಟ್ಟಡದ ಹೆಸರಿತ್ತು. ಕಾಗದ ಹೋಗುವಷ್ಟರಲ್ಲಿ ಕಟ್ಟಡದ ಕೆಲಸ ಮುಗಿದಿತ್ತು, ಶೆಡ್ಡು ಕಿತ್ತಾಗಿತ್ತು, ಸಂಸಾರ ಗೋವಾದ ಇನ್ನೊಂದು ಕಟ್ಟಡಕ್ಕೆ ಹೋಗಿತ್ತು. ‘ನಮ್ಮವ್ವ ಯಾವಾಗ ಬರ್ತಾಳ್ರೀ ಸರ?’ ಎಂದು ಅವನು ದಿನವೂ ಕೇಳುತ್ತಿದ್ದ. ಕೊನೆಗೆ ಸಿಮೆಂಟ್ ಅಂಗಡಿಯವನಿಂದ ಮೇಸ್ತ್ರಿಯ ನಂಬರ್ ಹುಡುಕಿ, ಮೇಸ್ತ್ರಿಯಿಂದ ಇನ್ನೊಬ್ಬ ಮೇಸ್ತ್ರಿಗೆ, ಅಲ್ಲಿಂದ ಅವ್ವನಿಗೆ ಸುದ್ದಿ ಮುಟ್ಟಿತು. ಆಕೆ ಇಷ್ಟು ದಿನ ಮಗ ಊರಲ್ಲಿ ಅಜ್ಜಿಯ ಮನೆಯಲ್ಲಿದ್ದಾನೆಂದೇ ತಿಳಿದಿದ್ದಳು.

2015ರ ಕಾಯ್ದೆಯಲ್ಲಿ ಇದಕ್ಕೊಂದು ಮದ್ದು ಇದೆ. ಜಾಮೀನಿನ ಷರತ್ತು ಪೂರೈಸಲು ಆಗದೆ ಏಳು ದಿನ ಕಳೆದರೆ ಆ ಹುಡುಗನನ್ನು ಮತ್ತೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು, ಷರತ್ತು ಸಡಿಲಿಸಬೇಕು ಎನ್ನುತ್ತದೆ 12ನೇ ಕಲಂನ ನಾಲ್ಕನೇ ಉಪಕಲಂ. ಉಚ್ಚಿಲ ಸರ್ ಪ್ರಕಾರ ಇಡೀ ಕಾಯ್ದೆಯಲ್ಲಿ ಅತ್ಯಂತ ದಯೆಯ ಸಾಲು ಅದು, ಅತ್ಯಂತ ಕಡಿಮೆ ಓದಿಸಿಕೊಂಡದ್ದೂ ಅದೇ.

ಒಳಗಿನ ದಿನಗಳ ಬಗ್ಗೆ ಕೇಳಿದರೆ ಅವರು ಮೊದಲು ಅನ್ನದ ಮಾತು ತೆಗೆಯುತ್ತಾರೆ. ಘಟ್ಟದ ಮೇಲಿನ ಗೃಹಕ್ಕೆ ಒಮ್ಮೆ ಕರಾವಳಿಯ ಹುಡುಗನೊಬ್ಬ ಬಂದ. ಯಾರ ಜತೆಗೂ ಮಾತಿಲ್ಲ, ಊಟ ಅರ್ಧಕ್ಕೇ ಬಿಡುತ್ತಿದ್ದ. ಉಚ್ಚಿಲ ಸರ್ ಯಾರನ್ನೋ ಗದರಿಸಿದ ದನಿ ಕೇಳಿ ಹತ್ತಿರ ಬಂದು, ‘ಈರೆನ ಊರು ಒಲ್ಪ?’ ಎಂದು ತುಳುವಿನಲ್ಲಿ ಊರು ಕೇಳಿದ. ಉಚ್ಚಿಲ ಎಂದಾಗ, ‘ಯಾನ್ ಕಾಪುದಾಯೆ’ ಎಂದು ಮುಖ ಅರಳಿಸಿದ. ಅವನ ದೂರು ಒಂದೇ: ಬೆಳ್ತಿಗೆ ಅನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಕುಚ್ಚಲಕ್ಕಿ ಬೇಕು. ಸರಕಾರಿ ರೇಷನ್ನಿನಲ್ಲಿ ಕುಚ್ಚಲಕ್ಕಿ ಎಲ್ಲಿಂದ ಬರಬೇಕು? ಕರಾವಳಿಗೆ ವರ್ಗವಾದ ಮೇಲೆ ಕಥೆ ಉಲ್ಟಾ. ಬಯಲುಸೀಮೆಯ ಹುಡುಗರಿಗೆ ಜೋಳದ ರೊಟ್ಟಿಯ ಧ್ಯಾನ. ರಾತ್ರಿ ಜಗಳಗಳಲ್ಲಿ ಅರ್ಧಕ್ಕರ್ಧ ಊಟದಿಂದ ಹುಟ್ಟಿದವು ಎಂಬುದು ಅವರ ಅಂದಾಜು. ಉಳಿದವು ಬೀಡಿಯಿಂದ.

ರಜೆಗೆ ಊರಿಗೆ ಬಂದವರು ಒಮ್ಮೆ ಹರಿದ ಹಳೆಯ ಬಲೆಯ ತುಂಡೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋದರು. ಉಚ್ಚಿಲದ ಕಡಲತಡಿಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಹುಡುಗರಿಗೆ ವಾಲಿಬಾಲ್ ಬಿಟ್ಟರೆ ಬೇರೆ ಕೆಲಸವಿಲ್ಲ, ಬಲೆಗೂ ಬರಗಾಲವಿಲ್ಲ. ಅದನ್ನು ಗೃಹದ ಅಂಗಳದಲ್ಲಿ ಎರಡು ಕಂಬಕ್ಕೆ ಕಟ್ಟಿದರು. ಅಧೀಕ್ಷಕರಿಗೆ ತಳಮಳ: ಬಲೆ ಹಿಡಿದು ಗೋಡೆ ಹತ್ತಿದರೆ? ಹಾಗಾಗಿ ಸಂಜೆ ಆಟ ಮುಗಿದ ಕೂಡಲೇ ಬಲೆ ಬಿಚ್ಚಿ ಸ್ಟೋರಿನಲ್ಲಿಟ್ಟು ಬೀಗ ಹಾಕಿ, ರಿಜಿಸ್ಟರಿನಲ್ಲಿ ಬರೆಯಬೇಕೆಂದು ಆಜ್ಞೆಯಾಯಿತು. ರಾಜ್ಯದ ಯಾವ ವೀಕ್ಷಣಾಲಯದಲ್ಲೂ, ಅಂದರೆ ರಿಮಾಂಡ್ ಹೋಮಿನಲ್ಲೂ, ಮೀನಿನ ಬಲೆ ದಿನಕ್ಕೆರಡು ಸಲ ಲೆಕ್ಕಕ್ಕೆ ಬಂದಿರಲಾರದು. ಆಟ ಶುರುವಾದ ಮೇಲೆ ರಾತ್ರಿ ಮುಸುಕುಗಳು ಬೇಗ ಬೀಳತೊಡಗಿದವು. ದಣಿದ ಹುಡುಗರು ನಿದ್ದೆ ಹೋಗುತ್ತಾರೆ. ಇದಕ್ಕೆ ಮನಶ್ಶಾಸ್ತ್ರ ಬೇಕಿಲ್ಲ.

ಬೆತ್ತದ ವಿಷಯ ಬರದೆ ಇಂಥ ನೆನಪು ಮುಗಿಯುವುದಿಲ್ಲ. ಕಚೇರಿಯ ಮೂಲೆಯಲ್ಲಿ ಒಂದು ಇತ್ತು. ‘ಹೊಡೆಯಬೇಕೆಂದಿಲ್ಲ, ಕೈಯಲ್ಲಿರಲಿ’ ಎಂಬುದು ಹಳಬರ ನೀತಿ. ಕೈಯಲ್ಲಿದ್ದ ಬೆತ್ತ ಸುಮ್ಮನಿರುವುದಿಲ್ಲ ಎಂಬುದು ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ಕಾಯ್ದೆಯಂತೂ ಕ್ರಮೇಣ ಬಿಗಿಯಾಯಿತು. ಈಗ ಇಂಥ ಗೃಹದ ಸಿಬ್ಬಂದಿ ಮಗುವಿಗೆ ಹೊಡೆದು ಶಿಕ್ಷಿಸಿದರೆ ಮೊದಲ ಬಾರಿ 10,000 ರೂಪಾಯಿ ದಂಡ, ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಸಜೆಯೂ ಆಗಬಹುದು, ಕೆಲಸದಿಂದ ವಜಾ ಕೂಡ. ಉಚ್ಚಿಲ ಸರ್ ಇದನ್ನು ಸ್ವಾಗತಿಸುತ್ತಾರೆ, ಜತೆಗೆ ಒಂದು ಮಾತು ಸೇರಿಸುತ್ತಾರೆ: ಬೆತ್ತ ಕಿತ್ತುಕೊಂಡವರು ಬದಲಿಗೆ ಏನು ಕೊಟ್ಟರು? ರಾತ್ರಿ ಹನ್ನೊಂದಕ್ಕೆ ಹದಿನೇಳರ ಇಬ್ಬರು ಹುಡುಗರು ಬ್ಲೇಡಿನ ಚೂರು ಹಿಡಿದು ನಿಂತಾಗ ಆಪ್ತಸಮಾಲೋಚಕರು ಮನೆಯಲ್ಲಿರುತ್ತಾರೆ, ವೈದ್ಯರು ವಾರಕ್ಕೊಮ್ಮೆ ಬರುತ್ತಾರೆ. ಅಲ್ಲಿರುವುದು ಅತ್ಯಂತ ಕಡಿಮೆ ಸಂಬಳದ, ಅತ್ಯಂತ ಕಡಿಮೆ ಕಲಿಸಿಕೊಟ್ಟ ನೌಕರ. ಅವನ ಅಸ್ತ್ರ, ಯಾರು ಯಾರ ಮಾತು ಕೇಳುತ್ತಾರೆ ಎಂಬ ತಿಳಿವಳಿಕೆ ಮಾತ್ರ.

ಓಡಿಹೋಗುವವರೂ ಇದ್ದರು. ಬಚ್ಚಲಿನ ಗವಾಕ್ಷಿ, ಗೋಡೆಗೆ ಬಾಗಿದ ಮಾವಿನ ಕೊಂಬೆ, ಕೋರ್ಟಿನ ಆವರಣ. ಹುಡುಗ ಓಡಿಹೋದರೆ ಕಾರಣ ಕೇಳಿ ನೋಟಿಸು ಬರುವುದು ರಾತ್ರಿ ಪಾಳಿಯವನಿಗೆ. ಗವಾಕ್ಷಿಗೆ ಸರಳು ಹಾಕಿಸಿ ಎಂದು ಅವನು ಬರೆದುಕೊಟ್ಟ ಪತ್ರ ಯಾವ ಕಡತದಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಓಡಿದ ಹುಡುಗ ಎಲ್ಲಿ ಸಿಗುತ್ತಾನೆ? ಬಹುಪಾಲು ಅಮ್ಮನ ಹತ್ತಿರ. ಕಾನೂನಿಗೂ ಇದು ಗೊತ್ತಿರಬೇಕು. ತಪ್ಪಿಸಿಕೊಂಡ ಮಗುವಿನ ಮೇಲೆ ಅದಕ್ಕಾಗಿ ಬೇರೆ ಪ್ರಕರಣ ಹೂಡುವಂತಿಲ್ಲ ಎಂದು 2015ರ ಕಾಯ್ದೆ ಸ್ಪಷ್ಟವಾಗಿ ಹೇಳಿದೆ.

ಇನ್ನು ವಯಸ್ಸು. ಈ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ಕಾಗದ ಶಾಲೆಯ ಸರ್ಟಿಫಿಕೇಟು. ಉತ್ತರ ಕರ್ನಾಟಕದ ಹುಡುಗರ ಕಡತ ತೆರೆದರೆ ಒಬ್ಬರಾದ ಮೇಲೊಬ್ಬರು ಜೂನ್ 1ರಂದು ಹುಟ್ಟಿದವರು. ಶಾಲೆ ಶುರುವಾಗುವ ದಿನ ಅಪ್ಪ ಮಗನನ್ನು ಕರೆತಂದು ನಿಲ್ಲಿಸುತ್ತಾನೆ, ಹುಟ್ಟಿದ ದಿನ ಗೊತ್ತಿಲ್ಲ, ಮುಖ್ಯ ಮಾಷ್ಟ್ರು ಒಂದನೇ ತರಗತಿಗೆ ಬೇಕಾದಷ್ಟು ವರ್ಷ ಹಿಂದಕ್ಕೆ ಎಣಿಸಿ ಜೂನ್ 1 ಎಂದು ಬರೆಯುತ್ತಾರೆ. ಎಷ್ಟೋ ವರ್ಷಗಳ ನಂತರ ಆ ಹುಡುಗ ವೀಕ್ಷಣಾಲಯಕ್ಕೋ ಜೈಲಿಗೋ ಎಂದು ತೀರ್ಮಾನವಾಗುವುದು ಆ ಮಾಷ್ಟ್ರ ಪೆನ್ನಿನಿಂದ. ಈಗಿನ 94ನೇ ಕಲಂ ಕ್ರಮ ಹಾಕಿಕೊಟ್ಟಿದೆ: ಮೊದಲು ಶಾಲೆಯ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯತು ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಎಕ್ಸ್‌ರೇ ಹೇಳುವುದು ಅಂದಾಜಿನ ವಯಸ್ಸನ್ನು. ಹದಿನೇಳೂವರೆಯೋ ಹದಿನೆಂಟೂವರೆಯೋ ಎಂದು ಅದು ಖಡಾಖಂಡಿತ ಹೇಳಲಾರದು. ಶಾಲೆಯ ಮೆಟ್ಟಿಲನ್ನೇ ಹತ್ತದ ಹುಡುಗ ಅಲ್ಲಿ ಎಲ್ಲರಿಗಿಂತ ಹೆಚ್ಚು ನಷ್ಟದಲ್ಲಿರುತ್ತಾನೆ.

2001ರ ಏಪ್ರಿಲ್ 1 ಉಚ್ಚಿಲ ಸರ್‌ಗೆ ಚೆನ್ನಾಗಿ ನೆನಪಿದೆ. ಹೊಸ ಕಾಯ್ದೆ ಜಾರಿಗೆ ಬಂದ ದಿನ ಅದು. ಹುಡುಗರಿಗೂ ವಯಸ್ಸಿನ ಗೆರೆ 18ಕ್ಕೆ ಏರಿತು. ನಿನ್ನೆಯವರೆಗೆ ದೊಡ್ಡವರ ಲೆಕ್ಕದಲ್ಲಿದ್ದ ಹದಿನೇಳರ ಹುಡುಗ ಇಂದು ಬೆಳಗ್ಗೆ ಮಗು. ಬಾಲ ನ್ಯಾಯಾಲಯದ ಜಾಗಕ್ಕೆ ಬಾಲನ್ಯಾಯ ಮಂಡಳಿ ಬಂತು. ನಿರ್ಗತಿಕ ಮಕ್ಕಳು ಬಾಲಮಂದಿರಕ್ಕೆ, ಆರೋಪ ಹೊತ್ತವರು ವೀಕ್ಷಣಾಲಯಕ್ಕೆ ಎಂದು ದಾರಿ ಬೇರೆಯಾಯಿತು. ಕಾಗದದ ಮೇಲೆ ಇದು ಒಂದು ಸಾಲು. ಒಳಗಿದ್ದವರಿಗೆ ಮೀಸೆ ಮೂಡಿದ, ತಮಗಿಂತ ಎತ್ತರದ ಹುಡುಗರು ಬಂದು ಇಳಿದಂತೆ. ಹತ್ತರವನ ಪಕ್ಕ ಹದಿನೇಳರವನನ್ನು ಮಲಗಿಸಬಾರದು ಎಂಬ ನಿಯಮವಿದೆ, ಸರಿ, ಕೋಣೆ ಬೇಕಲ್ಲ.

2012ರ ಡಿಸೆಂಬರ್ 16ರ ದಿಲ್ಲಿಯ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ ಊರಿನ ಪ್ರಶ್ನೆಯ ಧಾಟಿಯೂ ಬದಲಾಯಿತು. ಆರು ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಿರಲಿಲ್ಲ. ಅವನಿಗೆ ಮೂರು ವರ್ಷದ ವಿಶೇಷ ಗೃಹವಾಸ. 2015ರ ಡಿಸೆಂಬರ್ 20ರಂದು ಅವನು ಹೊರಬಂದ, ಎರಡು ದಿನಕ್ಕೆ ರಾಜ್ಯಸಭೆ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು, 2016ರ ಜನವರಿ 15ರಂದು ಅದು ಜಾರಿಗೆ ಬಂತು. ಘೋರ ಅಪರಾಧವಾದರೆ 16ರಿಂದ 18ರವರನ್ನು ವಯಸ್ಕರಂತೆ ವಿಚಾರಿಸಬಹುದೇ ಎಂದು ಮಂಡಳಿ ಪ್ರಾಥಮಿಕ ಪರಿಶೀಲನೆ ಮಾಡಬೇಕು. ‘ಅಂಥವರನ್ನೂ ಸಾಕುತ್ತೀರಾ?’ ಎಂದು ಮದುವೆ ಮನೆಯಲ್ಲಿ ಒಬ್ಬರು ಮುಖಕ್ಕೆ ಹೊಡೆದಂತೆ ಕೇಳಿದರು. ಉಚ್ಚಿಲ ಸರ್ ವಾದಕ್ಕೆ ಹೋಗಲಿಲ್ಲ. ಘೋರ ಕೃತ್ಯ ಮಾಡಿದವರನ್ನೂ ಅವರು ಕಂಡಿದ್ದಾರೆ. ಅವರನ್ನು ಮುಗ್ಧರೆಂದು ಕರೆಯುವ ಜಾತಿ ಅವರಲ್ಲ. ಆದರೆ ಲೆಕ್ಕ ಲೆಕ್ಕವೇ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಅಪರಾಧ ಪ್ರಕರಣ 58 ಲಕ್ಷಕ್ಕೂ ಹೆಚ್ಚು, ಅವುಗಳಲ್ಲಿ ಮಕ್ಕಳ ಮೇಲಿನ ಆರೋಪದವು 30,555. ನೂರಕ್ಕೆ ಒಂದೂ ಇಲ್ಲ. ಅವರ ರಿಜಿಸ್ಟರಿನ ಪುಟಗಳಲ್ಲಿ ತುಂಬಿದ್ದದ್ದು ಬೈಕು, ಮೊಬೈಲು, ಹೊಡೆದಾಟ. ಇತ್ತೀಚಿನ ವರ್ಷಗಳಲ್ಲಿ ಗಾಂಜಾ, ಮತ್ತೆ ಹದಿನೇಳರ ಹುಡುಗ ಹದಿನಾರರ ಹುಡುಗಿಯ ಜತೆ ಊರು ಬಿಟ್ಟಾಗ ಬೀಳುವ ಪೋಕ್ಸೊ ಕೇಸು.

ಬಿಡುಗಡೆಯ ನಂತರ ಎಂತ? ಕರಾವಳಿಯಲ್ಲಿ ಇದಕ್ಕೆ ಒಂದೇ ಉತ್ತರ: ಗಲ್ಫ್. ಅದಕ್ಕೆ ಪಾಸ್‌ಪೋರ್ಟ್ ಬೇಕು, ಪೊಲೀಸ್ ಕ್ಲಿಯರೆನ್ಸ್ ಬೇಕು. ಹಳೆಯ ಹುಡುಗನೊಬ್ಬ ಮೀಸೆ ಹೊತ್ತು ಬಂದು ಉಚ್ಚಿಲದ ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತು, ‘ಸರ್, ಆ ಕೇಸು ಈಗ ತೋರಿಸುತ್ತದಾ?’ ಎಂದು ಕೇಳಿದ್ದ. ತೋರಿಸಬಾರದು. ಮುಗಿದ ಪ್ರಕರಣದ ದಾಖಲೆಯನ್ನು ನಡತೆಯ ಪ್ರಮಾಣಪತ್ರಕ್ಕಾಗಲೀ ಬೇರೆ ಯಾವುದಕ್ಕಾಗಲೀ ಪೊಲೀಸರು ಬಹಿರಂಗ ಮಾಡುವಂತಿಲ್ಲ. ವಯಸ್ಕನಂತೆ ವಿಚಾರಣೆಗೆ ಒಳಗಾದವರನ್ನು ಬಿಟ್ಟು ಉಳಿದ ಯಾರಿಗೂ ಆ ಪ್ರಕರಣದಿಂದ ಮುಂದೆ ಅನರ್ಹತೆ ಅಂಟುವುದಿಲ್ಲ, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಗಳನ್ನೂ ನಾಶ ಮಾಡಬೇಕು. ಇದನ್ನು ಉಚ್ಚಿಲ ಸರ್ ಒಂದು ಚೀಟಿಯಲ್ಲಿ ಕಲಂ ಸಂಖ್ಯೆ ಸಮೇತ ಬರೆದುಕೊಟ್ಟರು: 24 ಮತ್ತು 74. ಹುಡುಗ ಈಗ ಕತಾರಿನಲ್ಲಿ ಏಸಿ ಮೆಕ್ಯಾನಿಕ್.

ಹುಡುಗರನ್ನು ಊರಿನ ಹತ್ತಿರವೇ ಇಟ್ಟು ನೋಡಿದವರೂ ಇದ್ದಾರೆ. ಅಮೆರಿಕದ ಮಿಸೌರಿ ರಾಜ್ಯ ಬೂನ್‌ವಿಲ್ಲಿನಲ್ಲಿದ್ದ ತನ್ನ ದೊಡ್ಡ ಬಾಲಸುಧಾರಣಾ ಶಾಲೆಯನ್ನು 1983ರಲ್ಲಿ ಮುಚ್ಚಿ, ಹುಡುಗರನ್ನು ಅವರವರ ಊರಿಗೆ ಹತ್ತಿರದ ಸಣ್ಣ ಸಣ್ಣ ಗೃಹಗಳಲ್ಲಿ ಇಡತೊಡಗಿತು. ಆ ಕ್ರಮ ಈಗ ಜಗತ್ತಿನಲ್ಲೆಲ್ಲ ಮಾದರಿಯೆಂದು ಚರ್ಚೆಯಾಗುತ್ತದೆ. ಉಚ್ಚಿಲ ಸರ್ ಇದರ ಬಗ್ಗೆ ಓದಿದ್ದು ನಿವೃತ್ತರಾದ ಮೇಲೆ. ಹೊಸದೇನೂ ಅನಿಸಲಿಲ್ಲವಂತೆ, ಊರಿಗೆ ಹತ್ತಿರವಿದ್ದರೆ ಯಾರಾದರೂ ಬರುತ್ತಾರೆ ಎಂಬುದು ಪೋಸ್ಟ್ ಕಾರ್ಡ್ ಬರೆದವನಿಗೆ ಗೊತ್ತಿರುವ ಸಂಗತಿ.

ಅವರಿಗೆ ಈಗ ಒಂದೇ ಹಟ: ಹಾಗೆ ಬರುವ ಆ ‘ಒಬ್ಬರು’ ನಮ್ಮ ಊರುಗಳಿಂದಲೇ ಸಿಗಬೇಕು. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜತೆ ಇಬ್ಬರು ಸಮಾಜ ಕಾರ್ಯಕರ್ತರು ಸದಸ್ಯರಾಗಿ ಕೂರುತ್ತಾರೆ, ಒಬ್ಬರಾದರೂ ಮಹಿಳೆ ಇರಲೇಬೇಕು. ಮಕ್ಕಳ ಶಿಕ್ಷಣ, ಆರೋಗ್ಯ ಅಥವಾ ಕಲ್ಯಾಣದ ಕೆಲಸದಲ್ಲಿ ಕನಿಷ್ಠ ಏಳು ವರ್ಷ ತೊಡಗಿಸಿಕೊಂಡವರು, 35 ದಾಟಿದವರು ಅರ್ಜಿ ಹಾಕಬಹುದು. ಅಷ್ಟು ಜವಾಬ್ದಾರಿ ಬೇಡವೆನ್ನುವವರನ್ನು ಒಂದು ಮಗುವನ್ನು ತಾತ್ಕಾಲಿಕವಾಗಿ ನೋಡಿಕೊಳ್ಳುವ ‘ಸೂಕ್ತ ವ್ಯಕ್ತಿ’ ಎಂದು ಮಂಡಳಿ ಮಾನ್ಯ ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. ಉಚ್ಚಿಲ, ಕಾಪು, ಕಾರ್ಕಳದಲ್ಲಿ ಇಡೀ ಆಯುಷ್ಯ ಮಕ್ಕಳ ನಡುವೆ ಕಳೆದ ನಿವೃತ್ತ ಮಾಷ್ಟ್ರುಗಳಿಗೂ ಟೀಚರುಗಳಿಗೂ ಕೊರತೆಯಿಲ್ಲ. ಪಿಂಚಣಿಯದೋ ಪಹಣಿಯದೋ ಕೆಲಸಕ್ಕೆ ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಗೆ ಹೋದಾಗ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಎಲ್ಲಿದೆ, ಅರ್ಜಿ ಯಾವಾಗ ಕರೆಯುತ್ತಾರೆ ಎಂದು ದಯವಿಟ್ಟು ವಿಚಾರಿಸಿ ಬನ್ನಿ.